ಹೆದರಿಕೆಯಾದರೆ ಆರನೇ ಪುಟ

ಮುದ್ರಣಾಲಯದ ಪ್ಲೇಟು ಕೋಣೆಯ ಬಾಗಿಲ ಪಕ್ಕದಲ್ಲಿ ದಾರ ಕಟ್ಟಿ ತೂಗುಬಿಟ್ಟ ಒಂದು ನಾಲ್ಕಿಂಚಿನ ಮೊಳೆ ಇತ್ತು. ಪ್ಲೇಟು ಅಂದರೆ ತೆಳ್ಳಗಿನ ಅಲ್ಯೂಮಿನಿಯಂ ಹಾಳೆ. ಅಚ್ಚಾಗಬೇಕಾದ ಅಕ್ಷರ, ಗೆರೆ, ಚಿತ್ರ ಎಲ್ಲ ಮೊದಲು ಅದರ ಮೇಲೆ ಮೂಡಬೇಕು. ಹೊಸ ಪ್ಲೇಟು ತಯಾರಾದ ಗಳಿಗೆಯಲ್ಲೇ ಹಳೆಯದನ್ನು ನೆಲಕ್ಕೆ ಹಾಕಿ, ಆ ಮೊಳೆಯಿಂದ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಎರಡು ಗೀರು ಎಳೆಯಬೇಕು. ಗೀರು ಬಿದ್ದರೆ ಆ ಪ್ಲೇಟು ಸತ್ತಂತೆ. ಹಳೆಯದೂ ಹೊಸದೂ ಎರಡೂ ಜೀವಂತ ಇದ್ದರೆ ಯಾವತ್ತೋ ಒಂದು ದಿನ ಯಾರೋ ಒಬ್ಬರು ತಪ್ಪಾದದ್ದನ್ನು ಯಂತ್ರಕ್ಕೆ ಹತ್ತಿಸಿಯೇ ಹತ್ತಿಸುತ್ತಾರೆ. ಆ ಕೋಣೆಯ ಮೊದಲನೇ ಪಾಠ ಅದು. ಕೊನೇ ಪಾಠವೂ ಅದೇ.

ಆ ಮೊಳೆಯನ್ನು ಇಪ್ಪತ್ತೆರಡು ವರ್ಷದಿಂದ ಹಿಡಿದ ಕೈ ಪ್ಲೇಟಕ್ಕನದು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಮ್ಯಾನೇಜರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಅವಳು ಪ್ಲೇಟಕ್ಕ. ಔಷಧಿ ಡಬ್ಬಿಯೊಳಗಿನ ಕಾಗದ ಮಡಚುವುದಕ್ಕೆಂದು ಇಪ್ಪತ್ತನಾಲ್ಕನೇ ವಯಸ್ಸಿಗೆ ಬಂದವಳು, ಮಡಚುತ್ತ ಮಡಚುತ್ತ ಅದರಲ್ಲಿದ್ದದ್ದನ್ನು ಓದಿ ಎರಡು ತಪ್ಪು ಹಿಡಿದಳು. ಆಗಿನ ಪ್ಲೇಟಿನ ಮುದುಕ ಅವಳನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋದವನು ಮೊದಲು ಕೊಟ್ಟದ್ದು ಆ ಮೊಳೆಯನ್ನೇ. ಅಲ್ಲಿಂದ ಇಲ್ಲಿಯವರೆಗೆ ಅವಳು ಗೀರಿಲ್ಲದೆ ಒಂದೇ ಒಂದು ಹಳೇ ಪ್ಲೇಟು ಹೊರಗೆ ಬಿಟ್ಟವಳಲ್ಲ. ಮಾತು ಕಡಿಮೆ. ಕನ್ನಡಕಕ್ಕೆ ಕಪ್ಪು ದಾರ. ತಪ್ಪು ಮಾಡಿದವರನ್ನು ಬೈಯುವುದಿಲ್ಲ, ಸುಮ್ಮನೆ ನೋಡುತ್ತಾಳೆ. ಬೈಸಿಕೊಳ್ಳುವುದೇ ಎಷ್ಟೋ ವಾಸಿ ಅನ್ನಿಸಬೇಕು, ಹಾಗೆ.

ಒಂದೂವರೆ ವರ್ಷದ ಹಿಂದೆ ಮುದ್ರಣಾಲಯಕ್ಕೆ ವರ್ಷನ್ ಕಂಟ್ರೋಲ್ ಎಂಬ ಸಾಧನ ಬಂತು. ಅದರ ಜೊತೆಗೆ ಗಡ್ಡವೂ ಬಂದ. ಗಡ್ಡ ಅಂದರೆ ಕಂಪ್ಯೂಟರಿನ ಇಂಜಿನಿಯರು. ಎದೆಯವರೆಗೆ ಇಳಿದಿದ್ದ ಗಡ್ಡದಿಂದಲೇ ಅವನಿಗೆ ಆ ಹೆಸರು. ಸಾಧನದ ಕೆಲಸ ಇಷ್ಟೇ: ಒಂದು ಲೇಬಲ್ಲಿನ ಫೈಲು ನಿನ್ನೆ ಹೇಗಿತ್ತು, ಮೊನ್ನೆ ಹೇಗಿತ್ತು, ಯಾರು ಬದಲಾಯಿಸಿದರು, ಯಾಕೆ ಬದಲಾಯಿಸಿದರು, ಎಲ್ಲವನ್ನೂ ಸಾಲಾಗಿ ನೆನಪಿಟ್ಟುಕೊಳ್ಳುವುದು. ಕಂಪ್ಯೂಟರಿನ ಪರದೆಯ ಮೇಲಿನ ಕಪ್ಪು ಕಿಟಕಿಯಲ್ಲಿ ಒಂದು ಸಾಲು ಟೈಪು ಮಾಡಿದರೆ ಬೇಕಾದ ದಿನದ ಫೈಲು ಎದ್ದು ಬಂದು ನಿಲ್ಲುತ್ತದೆ.

ಮೊದಲನೇ ವಾರವೇ ಪ್ಲೇಟಕ್ಕನ ಕೈ ಎಡವಿತು. ಹೊಸ ಲೇಬಲ್ಲನ್ನು ಒಳಗೆ ಇಟ್ಟಳು. ಹಳೆಯದು ಇನ್ನೂ ಅಲ್ಲೇ ಕಂಡಿತು. ಇಪ್ಪತ್ತು ವರ್ಷದ ಕೈ ಅದು, ಕೇಳುತ್ತದೆಯೇ? ಹಳೆಯದನ್ನು ಹಿಡಿದು ಅಳಿಸಿಬಿಟ್ಟಿತು. ಪರದೆ ತುಂಬ ಕೆಂಪು ಅಕ್ಷರ. ಗಡ್ಡ ಓಡಿ ಬಂದವನು ತಲೆ ಮೇಲೆ ಕೈ ಹೊತ್ತು, ಎಲ್ಲರ ಎದುರಿಗೂ, "ಸರ್ವನಾಶ ಮಾಡ್ಬಿಟ್ರಲ್ಲಮ್ಮಾ!" ಎಂದು ಕೂಗಿದ.

ಅಂದೇ ಅವಳು ಆ ಕಪ್ಪು ಕಿಟಕಿಗೆ ಮನಸ್ಸಿನಲ್ಲೇ ಕೈ ಮುಗಿದು ದೂರ ಸರಿದಳು. ಬೇಕಾದ ಫೈಲುಗಳನ್ನೆಲ್ಲ ಒಂದು ಸಲ ಪೆನ್‌ಡ್ರೈವಿಗೆ ಇಳಿಸಿಕೊಂಡಳು. ಅತ್ತೆಯ ಹಳೇ ಗುಂಡಿ ಡಬ್ಬಿಯಲ್ಲಿ ಆ ಪೆನ್‌ಡ್ರೈವ್ ಇಟ್ಟು ಮೇಜಿನ ಖಾನೆಗೆ ಸೇರಿಸಿದಳು. ಅಲ್ಲಿಂದಾಚೆಗೆ ಅವಳ ಕೆಲಸವೆಲ್ಲ ಡಬ್ಬಿಯಿಂದಲೇ. ಅವಳೊಬ್ಬಳೇ ಅಲ್ಲ, ವಿಭಾಗದ ಎಂಟು ಜನರಲ್ಲಿ ಆರು ಜನರ ಹತ್ತಿರವೂ ಅಂಥದೊಂದು ಡಬ್ಬಿ ಇತ್ತು. ಯಾರೂ ಯಾರಿಗೂ ಹೇಳಿರಲಿಲ್ಲ, ಅಷ್ಟೇ.

ಡಬ್ಬಿಯ ಗುಟ್ಟು ಒಡೆದದ್ದು ಮಕ್ಕಳ ಕೆಮ್ಮಿನ ಔಷಧಿಯಿಂದ. ಐದು ಮಿಲಿ ಎಂದಿದ್ದ ಅಳತೆಯನ್ನು ಔಷಧಿ ಕಂಪನಿಯವರು ಎರಡೂವರೆ ಮಿಲಿಗೆ ಇಳಿಸಿದ್ದರು. ಬದಲಾದ ಫೈಲು ಸಾಧನದೊಳಗೆ ಸರಿಯಾಗಿಯೇ ಕುಳಿತಿತ್ತು. ಪ್ಲೇಟಕ್ಕನ ಡಬ್ಬಿಯಲ್ಲಿ ಮಾತ್ರ ಐದೇ ಇತ್ತು. ನಲವತ್ತು ಸಾವಿರ ಲೇಬಲ್ಲು ಅಚ್ಚಾಗಿ, ಕತ್ತರಿಸಿ, ಕಟ್ಟಾಗಿ ಪ್ಯಾಕಿಂಗಿಗೆ ಬಂತು. ಮಾದರಿ ಬಾಟಲಿಯ ಜೊತೆಗಿದ್ದ ಪುಟ್ಟ ಅಳತೆ ಲೋಟದಲ್ಲಿ ಎರಡೂವರೆಯ ಗೆರೆ ಮಾತ್ರ ಇದೆಯಲ್ಲ ಎಂದು ಅಲ್ಲಿದ್ದ ಹೆಂಗಸಿಗೆ ಅನುಮಾನ ಬರದೇ ಹೋಗಿದ್ದರೆ? ಒಂದೇ ಒಂದು ಲೇಬಲ್ಲೂ ಹೊರಗೆ ಹೋಗಲಿಲ್ಲ. ಆದರೆ ಔಷಧಿ ಕಂಪನಿಯಿಂದ ಕಾಗದ ಬಂತು.

ಗುರುವಾರ ಮ್ಯಾನೇಜರು ಅವಳನ್ನು ಕರೆದು ಕಾಗದವನ್ನು ಮೇಜಿನ ಮೇಲೆ ಅವಳ ಕಡೆಗೆ ತಿರುಗಿಸಿ ಇಟ್ಟರು.

"ಓದಮ್ಮಾ."

"ನೀವೇ ಹೇಳಿ ಸಾರ್. ಕಣ್ಣು ಓಡ್ತಿಲ್ಲ."

"ಮುಂದಿನ ಶುಕ್ರವಾರ ಔಷಧಿ ಕಂಪನಿಯಿಂದ ತಪಾಸಣೆ ಮೇಡಂ ಬರ್ತಾರೆ. ಪ್ಲೇಟು ರೂಮಲ್ಲಿ ಒಬ್ಬರನ್ನ ಕೂರಿಸ್ತಾರೆ. ಹಳೇ ಲೇಬಲ್ ತೆಗಿ ಅಂತಾರೆ, ಯಾರು ಬದಲಾಯಿಸಿದ್ದು ಅಂತ ಕೇಳ್ತಾರೆ, ಇವತ್ತಿಂದಕ್ಕೆ ವಾಪಸ್ ಬಾ ಅಂತಾರೆ. ಮೇಜಿನ ಮೇಲೆ ಕೈಪಿಡಿ ಒಂದು ಇರಬಹುದು. ಬಾಯಲ್ಲಿ ಯಾರೂ ಹೇಳಿಕೊಡೋ ಹಾಗಿಲ್ಲ."

"ಬರದೇ ಹೋದ್ರೆ?"

ಮ್ಯಾನೇಜರು ಕಿಟಕಿಯ ಕಡೆ ನೋಡಿದರು. ಒಳ್ಳೆಯ ಮನುಷ್ಯನೇ, ಆದರೆ ಕೆಟ್ಟ ಸುದ್ದಿ ಹೇಳುವಾಗ ಕಿಟಕಿ ಬೇಕೇ ಬೇಕು. "ಪತ್ರದಲ್ಲಿ ನಿನ್ನ ಹೆಸರೇ ಇದೆ. ಬರದೇ ಹೋದ್ರೆ ಪ್ಲೇಟು ಕೆಲಸಕ್ಕೆ ನಿನ್ನನ್ನ ಇಟ್ಟುಕೊಳ್ಳೋ ಹಾಗಿಲ್ಲ. ನನ್ನ ಕೈಲಿಲ್ಲಮ್ಮಾ."

ಹೊರಡುವಾಗ ಗಡ್ಡ ಬರೆದಿದ್ದ ಕೈಪಿಡಿಯನ್ನು ಅವಳ ಕೈಗೆ ಇಟ್ಟರು. ಇನ್ನೂರ ಹನ್ನೆರಡು ಪುಟ. ಒಂದು ತೋಳಿನಲ್ಲಿ ಊಟದ ಚೀಲ, ಇನ್ನೊಂದರಲ್ಲಿ ಅದು. ಬಸ್ಸಿನಲ್ಲಿ ಕುಳಿತರೆ ತೊಡೆ ನೋಯುವಷ್ಟು ಭಾರ.

ಸಂಜೆ ಅಡುಗೆ ಮನೆಯ ಮೇಜಿನ ಮೇಲೆ ಅದನ್ನು ಬಿಚ್ಚಿಟ್ಟುಕೊಂಡು ಕುಳಿತಳು. ಗಂಡ ಬಸ್ ಡಿಪೋದ ಟೈರು ವಿಭಾಗದವನು, ಆ ವಾರ ಎರಡನೇ ಪಾಳಿ. ಎದುರಿಗೆ ಅತ್ತೆ ಕುಳಿತು ಬಟ್ಟೆಗೆ ಗುಂಡಿ ಹೊಲಿಯುತ್ತಿದ್ದಳು. ಮೂವತ್ತು ವರ್ಷ ಇಸ್ತ್ರಿ ಅಂಗಡಿ ನಡೆಸಿ, ಮೊಣಕಾಲು ಕೈಕೊಟ್ಟ ಮೇಲೆ ಬಿಟ್ಟವಳು. ಕಾಲು ನಿಂತಿತೇ ಹೊರತು ನಾಲಿಗೆ ನಿಂತಿರಲಿಲ್ಲ.

"ಗಟ್ಟಿಯಾಗಿ ಓದೇ. ನನಗೂ ಸ್ವಲ್ಪ ಬುದ್ಧಿ ಬರ್ಲಿ."

ಪ್ಲೇಟಕ್ಕ ಓದಿದಳು. ಮೂರನೇ ಪುಟದಲ್ಲೇ ಕೆಂಪು ಚೌಕಟ್ಟು: "ಎಚ್ಚರಿಕೆ. ಈ ಆಜ್ಞೆಯನ್ನು ಅರಿವಿಲ್ಲದೆ ಚಲಾಯಿಸಿದಲ್ಲಿ ದತ್ತಾಂಶವು ಶಾಶ್ವತವಾಗಿ ನಾಶವಾಗುವ ಸಾಧ್ಯತೆಯನ್ನು ಅಲ್ಲಗಳೆಯಲಾಗದು." ಇಂಥ ವಾಕ್ಯ ಬರೆಯುವವರನ್ನು ಒಂದು ದಿನ ಅದೇ ವಾಕ್ಯದೊಳಗೆ ಹಾಕಿ ಬೀಗ ಜಡಿಯಬೇಕು. ಏಳನೇ ಪುಟದಲ್ಲಿ ಇನ್ನೊಂದು ಕೆಂಪು ಚೌಕಟ್ಟು. ಒಂಬತ್ತರಲ್ಲಿ ಎರಡು. ಹದಿನಾಲ್ಕಕ್ಕೆ ಬಂದಾಗ ಅವಳ ದನಿ ಅರ್ಧಕ್ಕೆ ಇಳಿದಿತ್ತು. "ಹಿಂದಿನ ಆವೃತ್ತಿಗೆ ತೆರಳಿದಾಗ ಬಳಕೆದಾರರು ತಲೆ ಕಳಚಿದ ಸ್ಥಿತಿಯಲ್ಲಿರುತ್ತಾರೆ."

ಅತ್ತೆಯ ಸೂಜಿ ನಿಂತಿತು. "ಯಾರ ತಲೆ?"

"ಗೊತ್ತಿಲ್ಲ ಅತ್ತೆ."

"ಗೊತ್ತಿಲ್ಲದೆ ಹೋಗಿ ಕೂತ್ಕೋತೀಯಾ ಅದರ ಮುಂದೆ? ಇದೇನು ಆಫೀಸೋ, ಕಸಾಯಿಖಾನೆಯೋ?"

ಪ್ಲೇಟಕ್ಕನಿಗೆ ನಗು ಬರಬೇಕಿತ್ತು. ಕಣ್ಣಲ್ಲಿ ನೀರು ಬಂತು. ಅದನ್ನು ಕಂಡ ಅತ್ತೆ ಹಲ್ಲಿನಿಂದ ದಾರ ಕಡಿದು, ದನಿ ಬದಲಾಯಿಸಿದಳು. "ಅಲ್ಲ ಕಣೇ, ನಮ್ಮ ಅಂಗಡಿಗೆ ಹೊಸಬರು ಬಂದ್ರೆ ನಾನು ಮೊದಲ ದಿನ ಏನು ಹೇಳ್ತಿದ್ದೆ ಗೊತ್ತಾ? ಬಟ್ಟೆ ಸುಟ್ರೆ ಏನು ಮಾಡ್ಬೇಕು ಅಂತ. ಇಸ್ತ್ರಿ ಹಿಡಿಯೋದು ಆಮೇಲೆ. ಸುಟ್ಟರೂ ದಾರಿ ಇದೆ ಅಂತ ಗೊತ್ತಾದ ಕೈ ನಡುಗಲ್ಲ. ನಡುಗೋ ಕೈಯೇ ಸುಡೋದು. ಈ ಪುಣ್ಯಾತ್ಮ ಸುಟ್ಟುಹೋಗ್ತೀಯಾ, ಸುಟ್ಟುಹೋಗ್ತೀಯಾ ಅಂತ ಪುಟಕ್ಕೊಂದು ಸಲ ಹೇಳಿದಾನೆ. ನೀರು ಎಲ್ಲಿದೆ ಅಂತ ಹೇಳಿದಾನಾ?"

ಪ್ಲೇಟಕ್ಕ ಹಿಂದೆ ಮುಂದೆ ತಿರುವಿ ಹುಡುಕಿದಳು. ನೀರು ಎಲ್ಲಿಯೂ ಕಾಣಲಿಲ್ಲ. ಅದು ನೂರ ಎಂಬತ್ತನೇ ಪುಟದಲ್ಲಿ, 'ಅನುಬಂಧ' ಎಂಬ ಶೀರ್ಷಿಕೆಯ ಕೆಳಗೆ, ಸಣ್ಣ ಅಕ್ಷರದಲ್ಲಿ ಇತ್ತು.

ಶನಿವಾರ ಬೆಳಿಗ್ಗೆ ಅವಳು ಗಡ್ಡನ ಮೇಜಿನ ಮುಂದೆ ಹೋಗಿ ನಿಂತಳು. ಕೂತ್ಕೊಳ್ಳಿ ಅಂದರೂ ಕೂರಲಿಲ್ಲ.

"ಸಾರ್, ಒಂದು ಕೇಳ್ಬೇಕಿತ್ತು. ಆವತ್ತು ನಾನು ಅಳಿಸಿಬಿಟ್ನಲ್ಲ, ಆ ಲೇಬಲ್ಲು. ಆಮೇಲೆ ಅದು ಏನಾಯ್ತು?"

ಗಡ್ಡನಿಗೆ ನೆನಪು ಮಾಡಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. "ಓ, ಅದಾ? ಅದೇನಾಗುತ್ತೆ. ಎರಡು ನಿಮಿಷದಲ್ಲಿ ವಾಪಸ್ ತಂದೆ. ಒಂದು ಸಲ ಒಳಗೆ ಇಟ್ಟಿದ್ದು ಹಾಗೆಲ್ಲ ಹೋಗಲ್ಲಮ್ಮಾ. ನೀವು ಅಳಿಸಿದ್ದನ್ನೂ ಅದು ನೆನಪಿಟ್ಕೊಳ್ಳುತ್ತೆ."

"ಎರಡು ನಿಮಿಷ."

"ಅಷ್ಟೂ ಬೇಡ."

"ನನಗ್ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ."

ಪ್ಲೇಟಕ್ಕ ಅವನನ್ನು ನೋಡಿದಳು. ಅದೇ ನೋಟ. ಒಂದೂವರೆ ವರ್ಷ ಅವಳು ಒಂದು ಸರ್ವನಾಶವನ್ನು ಎದೆಯ ಮೇಲೆ ಕಲ್ಲಿನ ಹಾಗೆ ಹೊತ್ತು ಓಡಾಡಿದ್ದಳು. ಆ ಕಲ್ಲಿಗೆ ಹೆದರಿ ಡಬ್ಬಿ ಮಾಡಿಕೊಂಡಳು. ಆ ಡಬ್ಬಿಯಿಂದಲೇ ನಲವತ್ತು ಸಾವಿರ ಲೇಬಲ್ಲು ತಪ್ಪಾಗಿ ಅಚ್ಚಾದದ್ದು. ಮಗುವೊಂದರ ಬಾಯಿಗೆ ಎರಡರಷ್ಟು ಔಷಧಿ ಬೀಳುವುದಕ್ಕೆ ಒಂದು ಮೇಜಿನ ದೂರವಷ್ಟೇ ಉಳಿದಿತ್ತು. ಇವನು ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಒಂದೇ ಒಂದು ಮಾತು!

"ಸರ್ವನಾಶ ಆಯ್ತು ಅಂತ ಕೂಗೋಕೆ ನಾನು ಕೇಳಿರ್ಲಿಲ್ಲ ಸಾರ್. ಅದನ್ನ ಕೇಳದೇನೇ ಹೇಳಿದ್ರಿ" ಎಂದವಳು ಗಡ್ಡ ಬಾಯಿ ತೆರೆಯುವುದರೊಳಗೆ ಹೊರಟುಹೋದಳು.

ಅಂದೇ ಮಧ್ಯಾಹ್ನ, ಊಟದ ಡಬ್ಬಿ ಬಿಚ್ಚುವುದನ್ನೂ ಬಿಟ್ಟು, ಕತ್ತರಿಸಿ ಉಳಿದ ದಪ್ಪ ಕಾಗದದ ಹಿಂಬದಿಯಲ್ಲಿ ಬರೆಯತೊಡಗಿದಳು. ಮೊದಲ ಪುಟ:

"ಒಳಗೆ ಇಟ್ಟದ್ದು ಕಳೆಯುವುದಿಲ್ಲ. ಮೊದಲು ಇದನ್ನು ನಂಬು. ಇಲ್ಲಿ ಹಳೇ ಪ್ಲೇಟಿಗೆ ಗೀರು ಹಾಕಬೇಕಾಗಿಲ್ಲ. ಹಳೆಯದು ಹಳೆಯದರ ಜಾಗದಲ್ಲಿ ತಾರೀಖು ಕಟ್ಟಿಕೊಂಡು ಕೂತಿರುತ್ತದೆ, ಹೊಸದರ ದಾರಿಗೆ ಬರುವುದಿಲ್ಲ. ಮೊಳೆ ಹುಡುಕುವ ಕೈಯನ್ನು ತೊಡೆ ಮೇಲೆ ಇಟ್ಟುಕೋ."

ಎರಡನೇ ಪುಟಕ್ಕೆ ಫೈಲು ಒಳಗೆ ಇಡುವುದು, ಮೂರಕ್ಕೆ ಯಾರು ಯಾವಾಗ ಯಾಕೆ ಬದಲಾಯಿಸಿದರು ನೋಡುವುದು, ನಾಲ್ಕಕ್ಕೆ ಹಳೆಯದನ್ನು ಕರೆಯುವುದು, ಐದಕ್ಕೆ ಇವತ್ತಿನದಕ್ಕೆ ಮರಳುವುದು. ಆರನೇ ಪುಟ ಅತ್ತೆಯದು: "ಅಳಿಸಿಬಿಟ್ಟೆಯಾ? ಬೆವರಬೇಡ. ಈ ಸಾಲು ಟೈಪು ಮಾಡು, ಮುಂದೆ ಫೈಲಿನ ಹೆಸರು ಬರೆ. ಬಂದುಬಿಡುತ್ತದೆ." ಪ್ರತಿ ಸಾಲನ್ನೂ ಗಡ್ಡನ ಕೈಪಿಡಿಯಿಂದ ಹೆಕ್ಕಿ, ತಾನೇ ಒಂದು ಬೇಡದ ಫೈಲಿನ ಮೇಲೆ ಪ್ರಯೋಗಿಸಿ, ಆಗುತ್ತದೆ ಎಂದು ಕಂಡ ಮೇಲೆಯೇ ಬರೆದಳು. ಮೊದಲ ಸಲ ಬೇಕೆಂದೇ ಅಳಿಸಿ ವಾಪಸ್ ತಂದಾಗ ಎದೆ ಡವಡವ ಹೊಡೆದುಕೊಂಡಿತು. ಐದನೇ ಸಲಕ್ಕೆ ಅವಳು ಅಳಿಸುತ್ತಲೇ ಇನ್ನೊಂದು ಕೈಯಲ್ಲಿ ಚಹಾ ಕುಡಿಯುತ್ತಿದ್ದಳು.

ಸೋಮವಾರ ಪಟಾಕಿಯನ್ನು ಕರೆದಳು. ಪಟಾಕಿ ದೊಡ್ಡ ಯಂತ್ರದವನು. ಕೋಪ ಮೂಗಿನ ತುದಿಯಲ್ಲೇ, ಅದಕ್ಕೇ ಆ ಹೆಸರು. ಪ್ಲೇಟು ಕೋಣೆಯಲ್ಲಿ ಅವನಿಗೂ ವಾರದಲ್ಲಿ ಎರಡು ದಿನ ಕೆಲಸ.

"ನನಗ್ಯಾಕಕ್ಕಾ ಇದೆಲ್ಲ? ನಾನು ಓದಿದ್ದು ಐದನೇ ಕ್ಲಾಸು, ಅದೂ ಮೇಷ್ಟ್ರು ದಯೆ."

"ಅದಕ್ಕೇ ಕರೆದಿದ್ದು. ಓದಿದೋರಿಗೆ ಬರೆದ್ರೆ ಪ್ರಯೋಜನ ಏನು? ಕೂತ್ಕೋ. ನಾನು ಬಾಯಿ ಬಿಡಲ್ಲ."

ಪಟಾಕಿ ಸಾಲಿನ ಮೇಲೆ ಬೆರಳಿಟ್ಟು ಓದುತ್ತ, ಒಂದೇ ಬೆರಳಿನಿಂದ ಟೈಪು ಮಾಡುತ್ತ ಹೋದ. ನಾಲ್ಕನೇ ಪುಟದವರೆಗೆ ಚೆನ್ನಾಗಿಯೇ ಹೋಯಿತು. ಹಳೇ ಲೇಬಲ್ಲು ಬಂದ ಕೂಡಲೇ ಪರದೆಯ ಮೇಲೆ ಹತ್ತು ಸಾಲು ಸುರಿಯಿತು, ಅದರಲ್ಲಿ ಆ ಹಾಳು ತಲೆಯ ಮಾತೂ ಇತ್ತು. ಪಟಾಕಿಯ ಕಿವಿ ಕೆಂಪಾಯಿತು.

"ಇದರಲ್ಲಿ ಇದು ಬರುತ್ತೆ ಅಂತ ಎಲ್ಲಿ ಬರೆದಿದೀಯಾ? ಎಲ್ಲಿ? ತೋರಿಸು!" ಕುರ್ಚಿ ಹಿಂದಕ್ಕೆ ಬಿತ್ತು. "ನನ್ನನ್ನ ಕೋತಿ ಮಾಡೋಕೆ ಕರೆದ್ಯಾ?"

ಎದ್ದು ಹೋದವನು ಬಾಗಿಲು ಬಡಿದ ಹೊಡೆತಕ್ಕೆ ದಾರದ ಮೊಳೆ ಬಹಳ ಹೊತ್ತು ತೂಗಾಡಿತು.

ಪ್ಲೇಟಕ್ಕ ಕುರ್ಚಿ ಎತ್ತಿ ನಿಲ್ಲಿಸಿ ಅದರಲ್ಲೇ ಕುಳಿತಳು. ಅವನು ಹೇಳಿದ್ದು ಸರಿ. ಏನು ಮಾಡಬೇಕು ಎಂದು ಬರೆದಿದ್ದಳು. ಮಾಡಿದ ಮೇಲೆ ಏನು ಕಾಣುತ್ತದೆ ಎಂದು ಬರೆದಿರಲಿಲ್ಲ. ಇಡೀ ನಾಲ್ಕನೇ ಪುಟ ಹೊಸದಾಗಿ ಬರೆದಳು. "ಈಗ ಹತ್ತು ಸಾಲು ಸುರಿಯುತ್ತದೆ. ಬೈಗುಳವಲ್ಲ. ತಲೆ ಕಳಚಿದೆ ಎಂದು ಬರುತ್ತದೆ. ನಿನ್ನದಲ್ಲ. ನೀನು ಹಳೇ ದಿನಕ್ಕೆ ಬಂದಿದ್ದೀಯ, ನೋಡಿಕೊಂಡು ಹೊರಡು ಎಂದು ಅದರ ಅರ್ಥ." ಆಮೇಲೆ ಸ್ವಲ್ಪ ಯೋಚಿಸಿ, ಮೊದಲ ಪುಟದ ಕೊನೆಗೆ ಇನ್ನೊಂದು ಮಾತು ಸೇರಿಸಿದಳು: "ಸಿಟ್ಟು ಬಂದರೆ ಬರಲಿ. ಕುರ್ಚಿ ಬಿಟ್ಟು ಏಳಬೇಡ. ಎದ್ದು ಹೋದವರಿಗೆ ಮಾತ್ರ ಈ ಕೆಲಸ ಬರುವುದಿಲ್ಲ."

ಕೆಲಸ ಇನ್ನೂ ಮುಗಿದಿರಲಿಲ್ಲ. ಶುಕ್ರವಾರ ಮೇಜಿನ ಮೇಲೆ ಇಡಬಹುದಾದದ್ದು ಮುದ್ರಣಾಲಯದ ಅಧಿಕೃತ ಕೈಪಿಡಿ ಮಾತ್ರ, ಅದಕ್ಕೆ ಗಡ್ಡನ ರುಜು ಬೇಕು. ಬುಧವಾರ ಆರೂ ಹಾಳೆಗಳನ್ನು ಅವನ ಮುಂದೆ ಇಟ್ಟಳು. ಅವನು ಓದಿದ. ಓದುತ್ತ ಓದುತ್ತ ಗಡ್ಡ ನೀವಿಕೊಂಡ. ನಾಲ್ಕನೇ ಪುಟದಲ್ಲಿ ಮುಖ ಬಿಗಿಯಾಯಿತು.

"ಇದರಲ್ಲಿ ಮುಕ್ಕಾಲು ಭಾಗ ವಿಷಯಾನೇ ಇಲ್ಲ. ನಾನು ಆರು ತಿಂಗಳು ಕೂತು ಬರೆದಿದೀನಿ. ಇದಕ್ಕೆ ರುಜು ಹಾಕಿದ್ರೆ ನನ್ನನ್ನ ನೋಡಿ ನಗ್ತಾರೆ."

"ಮನೆಗೆ ಬೆಂಕಿ ಬಿದ್ದಾಗ ಬಾಗಿಲು ಎಲ್ಲಿದೆ ಅಂತ ಹೇಳಿದ್ರೆ ಸಾಕು ಸಾರ್. ಮನೆ ಕಟ್ಟಿದ್ದು ಹೇಗೆ ಅಂತ ಆಮೇಲೆ ಓದ್ಕೋತೀವಿ. ನಿಮ್ಮ ಪುಸ್ತಕ ಕಪಾಟಲ್ಲಿ ಇರ್ಲಿ. ಇದು ಮೇಜಿನ ಮೇಲಿರ್ಲಿ."

"ಮೊದಲ ಸಾಲೇ ಪೂರ್ತಿ ನಿಜ ಅಲ್ಲ. ಒಳಗೆ ಇಡದೇ ಇರೋದು ಕಳೆದುಹೋಗುತ್ತಮ್ಮಾ. ಬದಲಾಯಿಸಿ, ಒಳಗೆ ಇಡದೆ ಅಳಿಸಿದ್ರೆ, ದೇವರಾಣೆಗೂ ವಾಪಸ್ ಬರಲ್ಲ. ಅದನ್ನ ಹೇಳದೇ ಹೆದರಬೇಡ ಅಂದ್ರೆ ಮೋಸ ಆಗುತ್ತೆ."

ಅದು ಅವನು ಜಗಳಕ್ಕೆ ಹೇಳಿದ ಮಾತಾಗಿರಲಿಲ್ಲ. ಹಾಳೆ ಎಳೆದುಕೊಂಡು ಮೊದಲ ಸಾಲಿನ ಕೆಳಗೆ ಬರೆದಳು: "ಒಳಗೆ ಇಡದ್ದು ಕಳೆಯುತ್ತದೆ. ಅದಕ್ಕೇ ಆಗಾಗ ಇಡು." ತಿರುಗಿಸಿ ತೋರಿಸಿದಳು.

"ಇಷ್ಟೇನಾ?" ಎಂದ ಗಡ್ಡ. "ನಾನು ಇದಕ್ಕೆ ಹನ್ನೊಂದು ಪುಟ ಬರೆದಿದೀನಿ."

"ಕೆಂಪು ಚೌಕಟ್ಟು ಹಾಕಿ."

ಅವನಿಗೆ ನಗು ತಡೆಯಲಾಗಲಿಲ್ಲ. ಪೆನ್ನು ತೆಗೆದ. ರುಜು ಹಾಕುವ ಮೊದಲು ಪೆನ್ನು ಹಿಡಿದುಕೊಂಡೇ, ತಲೆ ಎತ್ತದೆ, "ಆವತ್ತು ಹಾಗೆ ಕೂಗಬಾರದಿತ್ತು" ಎಂದ. ರುಜು ಹಾಕಿದ. ಪ್ಲೇಟಕ್ಕ ಶಾಯಿ ಒಣಗಲಿ ಎಂದು ಹಾಳೆಯ ಮೇಲೆ ಎರಡು ಸಲ ಊದಿದಳು.

ಶುಕ್ರವಾರ ಹತ್ತೂವರೆಗೆ ತಪಾಸಣೆಯ ಮೇಡಂ ಬಂದರು. ಸಣ್ಣ ಆಕಾರ, ಬಿಳಿ ಕೂದಲು, ಸದ್ದಿಲ್ಲದ ಚಪ್ಪಲಿ. ಪ್ಲೇಟು ಕೋಣೆಯನ್ನು ಒಂದು ಸುತ್ತು ಹಾಕಿ, ದಾರದ ಮೊಳೆಯನ್ನು ಮುಟ್ಟಿ ನೋಡಿ, ಮೇಜಿನ ಮೇಲಿದ್ದ ಆರು ಹಾಳೆಗಳನ್ನು ಕೈಗೆ ತೆಗೆದುಕೊಂಡರು. ಪ್ಲೇಟಕ್ಕ ಆಗಲೇ ಕುರ್ಚಿಯಲ್ಲಿ ಕುಳಿತಿದ್ದಳು. ವಾರವಿಡೀ ಅಭ್ಯಾಸ ಮಾಡಿದ ಬೆರಳು, ಕಣ್ಣು ಮುಚ್ಚಿದರೂ ಬರುತ್ತಿತ್ತು.

"ಇದನ್ನ ಬರೆದಿದ್ದು ಯಾರು?"

"ಇವರೇ ಮೇಡಂ" ಎಂದರು ಮ್ಯಾನೇಜರು, ಹೆಮ್ಮೆಯಿಂದ.

"ಹಾಗಾದ್ರೆ ಇವರು ಏಳಲಿ. ಬರೆದವರಿಗೆ ಬರೋದ್ರಲ್ಲಿ ಏನಿದೆ? ಇವರು ರಜೆ ಹಾಕಿದ ದಿನ ಏನಾಗುತ್ತೆ ಅಂತ ನಾನು ನೋಡ್ಬೇಕು." ಮೇಡಂ ಸುತ್ತ ನೋಡಿ, ಬಾಗಿಲಲ್ಲಿ ಎಣ್ಣೆ ಕೈ ಒರೆಸಿಕೊಳ್ಳುತ್ತ ನಿಂತಿದ್ದವನ ಕಡೆಗೆ ಬೆರಳು ತೋರಿಸಿದರು. "ನೀವು ಬನ್ನಿ."

ಪಟಾಕಿ.

ಪ್ಲೇಟಕ್ಕ ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಸೋಮವಾರ ಎದ್ದು ಹೋದವನು ಆಮೇಲೆ ಒಂದು ಸಲವೂ ಆ ಹಾಳೆ ಮುಟ್ಟಿರಲಿಲ್ಲ. ಇಪ್ಪತ್ತೆರಡು ವರ್ಷ ಆ ಒಂದು ಬೆರಳಿನ ತುದಿಗೆ ಬಂದು ನಿಂತಿತು. ಗೋಡೆಗೆ ಒರಗಿ ನಿಂತಳು, ಬಾಯಿಗೆ ಬೀಗ ಹಾಕಿಕೊಂಡು.

"ಕೆಮ್ಮಿನ ಔಷಧಿ ಲೇಬಲ್ಲು" ಎಂದರು ಮೇಡಂ. "ಎರಡು ಬದಲಾವಣೆಗೆ ಹಿಂದೆ ಹೇಗಿತ್ತು ತೋರಿಸಿ."

ಪಟಾಕಿ ಮೊದಲ ಪುಟ ಓದಿದ. ತುಟಿ ಅಲುಗುತ್ತಿತ್ತು. ಕೊನೇ ಸಾಲಿಗೆ ಬಂದಾಗ ತಲೆ ಎತ್ತಿ ಪ್ಲೇಟಕ್ಕನನ್ನು ದುರುಗುಟ್ಟಿ ನೋಡಿದ. ಅದು ಯಾರಿಗೆ ಬರೆದದ್ದು ಎಂದು ಅವನಿಗೆ ತಿಳಿಯದೇ ಹೋಗುತ್ತದೆಯೇ? ಮೂರನೇ ಪುಟ. ಒಂದೊಂದೇ ಅಕ್ಷರ. ಬದಲಾವಣೆಗಳ ಪಟ್ಟಿ ಬಂತು. ಯಾರು, ಯಾವತ್ತು, ಯಾಕೆ ಎಂದು ಓದಿ ಹೇಳಿದ. ನಾಲ್ಕನೇ ಪುಟ. ಹತ್ತು ಸಾಲು ಸುರಿಯಿತು. ಅವನು ಪರದೆ ನೋಡಿದ, ಹಾಳೆ ನೋಡಿದ, "ನನ್ನ ತಲೆ ಅಲ್ಲ" ಎಂದು ತನಗೆ ತಾನೇ ಹೇಳಿಕೊಂಡ. ಐದು ಮಿಲಿಯ ಲೇಬಲ್ಲು ಪರದೆಯ ಮೇಲೆ ನಿಂತಿತು.

"ಸರಿ" ಎಂದರು ಮೇಡಂ. "ಈಗ ಇವತ್ತಿಂದಕ್ಕೆ ಬನ್ನಿ. ಪ್ಲೇಟಿಗೆ ಹೋಗ್ಬೇಕಾಗಿದ್ದು ಅದು."

ಪಟಾಕಿ ಹೂಂ ಎಂದ. ಐದನೇ ಪುಟ ತಿರುಗಿಸಲು ಎಡಗೈ ಹೋಯಿತು. ಬಲಗೈ ಮಾತ್ರ ತನ್ನ ಪಾಡಿಗೆ ತಾನು ಹೊರಟಿತ್ತು. ಎದುರಿಗೆ ಕಾಣುತ್ತಿದ್ದದ್ದು ಹಳೇ ಲೇಬಲ್ಲು, ತಪ್ಪು ಅಳತೆ, ನಲವತ್ತು ಸಾವಿರ ಹಾಳು ಮಾಡಿದ್ದು. ಅಂಥದ್ದನ್ನು ಜೀವಂತ ಬಿಟ್ಟು ಹೋಗುವುದು ಆ ಕೋಣೆಯ ಯಾವ ಕೈಗೂ ಗೊತ್ತಿಲ್ಲ. ಟಕ್ಕೆಂದು ಅಳಿಸಿತು.

ಪರದೆ ಕೆಂಪಾಯಿತು.

ಮ್ಯಾನೇಜರು ಕಿಟಕಿಯ ಕಡೆ ತಿರುಗಿದರು. ಗಡ್ಡನ ಕೈ ತಲೆಯ ಮೇಲೆ ಹೋಗಲು ಅರ್ಧ ಎದ್ದದ್ದು, ಅಲ್ಲೇ ನಿಂತು, ಮೆಲ್ಲಗೆ ಇಳಿಯಿತು. ಪಟಾಕಿಯ ಹಣೆಯಲ್ಲಿ ಬೆವರು. ಐದನೇ ಪುಟ ನೋಡಿದ. ಅಲ್ಲಿ ಇದರ ಸುದ್ದಿಯೇ ಇರಲಿಲ್ಲ. ಹಿಂದಕ್ಕೆ ನಾಲ್ಕು, ಮೂರು ತಿರುಗಿಸಿದ. ಮುಂದಕ್ಕೆ, ಮುಂದಕ್ಕೆ ತಿರುಗಿಸೋ! ಪ್ಲೇಟಕ್ಕ ನಾಲಿಗೆ ಕಚ್ಚಿ ಹಿಡಿದಳು, ಉಪ್ಪು ರುಚಿ ಬಂತು. ಕೈಪಿಡಿಯಲ್ಲಿ ನೀರು ಇತ್ತು, ಆದರೆ ನೀರು ಎಲ್ಲಿದೆ ಎಂದು ಬೆಂಕಿಯ ಪಕ್ಕದಲ್ಲಿ ಬರೆಯುವುದನ್ನು ಮರೆತಿದ್ದಳು. ಗಡ್ಡನನ್ನು ಆಡಿಕೊಂಡ ಅದೇ ತಪ್ಪು, ಸಣ್ಣ ಅಳತೆಯಲ್ಲಿ.

ಪಟಾಕಿಯ ಕಿವಿ ಕೆಂಪಾಗುತ್ತ ಬಂತು. ಎರಡೂ ಅಂಗೈ ಮೇಜಿನ ಮೇಲೆ ಊರಿದ. ಕುರ್ಚಿ ಕಿರ್ರೆಂದು ಒಂದು ಗೇಣು ಹಿಂದಕ್ಕೆ ಸರಿಯಿತು. ಮುಗಿಯಿತು ಎಂದುಕೊಂಡು ಪ್ಲೇಟಕ್ಕ ಕಣ್ಣು ಮುಚ್ಚಿದಳು.

ಬಾಗಿಲು ಬಡಿದ ಸದ್ದು ಬರಲಿಲ್ಲ.

ಕಣ್ಣು ತೆರೆದಾಗ ಅವನು ಇನ್ನೂ ಅಲ್ಲೇ ಇದ್ದ, ಅರ್ಧ ಎದ್ದ ಭಂಗಿಯಲ್ಲಿ, ಮೊದಲ ಪುಟದ ಕೊನೇ ಸಾಲಿನ ಮೇಲೆ ದೃಷ್ಟಿ ನೆಟ್ಟು. "ಏಳಲ್ಲ ಕಣಕ್ಕಾ, ಏಳಲ್ಲ, ಆಯ್ತಾ?" ಎಂದು ಹಲ್ಲು ಕಚ್ಚಿ ಗೊಣಗಿ, ದಡಕ್ಕನೆ ಕುಳಿತ. ಕಟ್ಟನ್ನೇ ಎತ್ತಿ ಮೇಜಿನ ಮೇಲೆ ಹರಡಿದ. ಆರೂ ಹಾಳೆ ಚೆಲ್ಲಾಪಿಲ್ಲಿ. ಆರನೆಯದು ಮೇಲಕ್ಕೆ ಬಂತು.

"'ಅಳಿಸಿಬಿಟ್ಟೆಯಾ? ಬೆವರಬೇಡ.'" ಗಟ್ಟಿಯಾಗಿ ಓದಿ ಹಣೆ ಒರೆಸಿಕೊಂಡ. "ಬೆವರಾಯ್ತಲ್ಲ, ಇನ್ನೇನು."

ಯಾರೋ ಕಿಸಕ್ಕೆಂದರು. ಪಟಾಕಿ ಟೈಪು ಮಾಡಿದ. ಫೈಲಿನ ಹೆಸರಲ್ಲಿ ಒಂದು ಅಕ್ಷರ ತಪ್ಪಿತು, ಅಳಿಸಿ ಮತ್ತೆ ಬರೆದ. ಲೇಬಲ್ಲು ಬಂದು ಕುಳಿತಿತು. ಐದನೇ ಪುಟ ಹುಡುಕಿ ತೆಗೆದು ಇನ್ನೊಂದು ಸಾಲು ಒತ್ತಿದ. ತಲೆಯ ಮಾತು ಮಾಯವಾಯಿತು. ಪರದೆಯ ಮೇಲೆ ಎರಡೂವರೆ ಮಿಲಿ, ಇವತ್ತಿನದು.

ಮೇಡಂ ಕೈಗಡಿಯಾರ ನೋಡಿ ಏನೋ ಗುರುತು ಮಾಡಿಕೊಂಡರು. ಆ ಬರವಣಿಗೆ ಮುಗಿಯುವವರೆಗಿನ ಹೊತ್ತು ಪ್ಲೇಟಕ್ಕನಿಗೆ ಇಡೀ ಎಂಟು ದಿನಕ್ಕಿಂತ ಉದ್ದವಾಯಿತು.

"ತಪ್ಪು ಮಾಡದೇ ಇದ್ದಿದ್ರೆ ನನಗೆ ಏನೂ ಗೊತ್ತಾಗ್ತಿರ್ಲಿಲ್ಲ" ಎಂದರು ಮೇಡಂ ಪಟಾಕಿಗೆ. "ತಪ್ಪು ಮಾಡಿ ತಾನೇ ಸರಿ ಮಾಡ್ಕೊಂಡ್ರಲ್ಲ, ಅದು ನನಗೆ ಬೇಕಾಗಿತ್ತು." ಪ್ಲೇಟಕ್ಕನ ಕಡೆ ತಿರುಗಿದರು. "ಇವರು ಪ್ಲೇಟು ರೂಮಲ್ಲೇ ಇರ್ಲಿ. ಒಂದು ಕೊರತೆ ಇದೆ. ಗೊತ್ತಾಯ್ತಾ?"

"ಗೊತ್ತಾಯ್ತು ಮೇಡಂ. ಅವನು ಹಾಳೆ ಹುಡುಕ್ತಿದ್ದಾಗಲೇ ಗೊತ್ತಾಯ್ತು."

ಮೇಡಂ ಹೋದ ಮೇಲೆ ಕೋಣೆಯಲ್ಲಿ ಗದ್ದಲವೋ ಗದ್ದಲ. ಪಟಾಕಿ ಕಂಡಕಂಡವರಿಗೆಲ್ಲ ತಾನು ಬೇಕೆಂದೇ ಅಳಿಸಿದ್ದು, ಮೇಡಂಗೆ ತೋರಿಸೋಕೆ ಎಂದು ಹೇಳುತ್ತಿದ್ದ. ಪ್ಲೇಟಕ್ಕ ಖಾನೆ ತೆರೆದು ಗುಂಡಿ ಡಬ್ಬಿ ಹೊರಗೆ ತೆಗೆದಳು. ಪೆನ್‌ಡ್ರೈವನ್ನು ಗಡ್ಡನ ಕೈಗಿಟ್ಟಳು. ಖಾಲಿ ಡಬ್ಬಿಯನ್ನು ಅತ್ತೆಗೆ ವಾಪಸ್ ಕೊಡಬೇಕೆಂದು ಊಟದ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಕಪ್ಪು ಕಿಟಕಿಯ ಮುಂದೆ ಕುಳಿತಳು.

ಕೈಪಿಡಿಯೂ ಈಗ ಸಾಧನದೊಳಗೇ ಇತ್ತು. ಅದನ್ನು ತೆರೆದು, ಪ್ರತಿ ಪುಟದ ಅಡಿಯಲ್ಲಿ ದಪ್ಪ ಅಕ್ಷರದಲ್ಲಿ ಒಂದೇ ಸಾಲು ಹಾಕಿದಳು: "ಹೆದರಿಕೆಯಾದರೆ ಆರನೇ ಪುಟ." ಒಳಗೆ ಇಟ್ಟಳು. ಹಳೇ ಕೈಪಿಡಿ, ಆ ಸಾಲಿಲ್ಲದ್ದು, ಪಟ್ಟಿಯಲ್ಲಿ ಅದರ ಕೆಳಗೆ ಹಾಗೇ ಉಳಿಯಿತು. ಬಲಗೈ ಒಂದು ಸಲ ಅದರ ಕಡೆ ಎದ್ದಿತು. ತೊಡೆಯ ಮೇಲೆ ಇಟ್ಟುಕೊಂಡಳು.

ಬದಲಾವಣೆಗೆ ಕಾರಣವೇನು ಎಂದು ಸಾಧನ ಕೇಳುತ್ತಿತ್ತು. ಅವಳು ಕನ್ನಡಕ ಸರಿಮಾಡಿಕೊಂಡು ಬರೆದಳು: "ಪಟಾಕಿ ಬೆವರಿದ್ದರಿಂದ."